ಪದ್ಮಿನಿ ಡ್ರಮ್ ಬ್ರೇಕಿಗೆ ಯಾವ ಲೈನರ್? ಜೆ.ಸಿ. ರೋಡಲ್ಲಿ ಹೊಡ್ಸಿದ ರೋಲ್ ಲೈನಿಂಗ್ ಬಗ್ಗೆ

ಹಳೇ ಗಾಡಿ ಇಟ್ಕೊಂಡವ್ರು ಪೇಂಟು, ಕ್ರೋಮು, ಸೀಟ್ ಕವರು ಅಂತ ಕೈ ಬಿಚ್ಚಿ ಖರ್ಚು ಮಾಡ್ತಾರೆ, ಬ್ರೇಕ್ ಲೈನರ್ (ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಸೋ ಪಟ್ಟಿ) ಅಂದ್ರೆ ಮಾತ್ರ ಮೆಕ್ಯಾನಿಕ್ ಯಾವ್ದು ತಂದ್ರೆ ಅದೇ ಸಾಕು ಅಂತಾರೆ. ನನ್ಗೆ ಇದು ತುಂಬಾ ಬೇಜಾರಿನ ವಿಷ್ಯ. ನಮ್ಮ ಪ್ರೀಮಿಯರ್ ಪದ್ಮಿನಿಗೆ (ಒಳಗೆ ಎಲ್ಲಾ ಹಳೇ ಫಿಯೆಟ್ 1100 ಡಿ ನೇ) ನಾಲ್ಕೂ ಚಕ್ರಕ್ಕೆ ಡ್ರಮ್ಮು (ಚಕ್ರದ ಜೊತೆ ತಿರುಗೋ ಡಬ್ಬಿ, ಅದಕ್ಕೆ ಒಳಗಿಂದ ಲೈನರ್ ಒತ್ತತ್ತೆ), ಕಾಲಿನ ಒತ್ತಡ ಹೆಚ್ಚಿಸೋ ಬೂಸ್ಟರ್ ಇಲ್ಲ, ಅಂದ್ರೆ ಕಾಲಲ್ಲಿ ಎಷ್ಟು ಜೋರು ಹಾಕ್ತೀವೋ ಅಷ್ಟೇ ಬ್ರೇಕು. ಇಂಥ ಗಾಡಿಗೆ ಈಗಿನ ಗಾಡಿ ಲೆಕ್ಕದಲ್ಲಿ ಲೈನರ್ ಆರಿಸ್ಬಾರ್ದು.

ಮುಂಚೆ ಇದ್ದಿದ್ದು ಡಬ್ಬೀಲಿ ಬರೋ ರೆಡಿ ಮೋಲ್ಡೆಡ್ (ಅಚ್ಚಲ್ಲಿ ಒತ್ತಿ ಮಾಡಿದ) ಲೈನರ್ ಶೂ (ಶೂ ಅಂದ್ರೆ ಲೈನರ್ ಕೂರ್ಸೋ ಬಾಗಿದ ಲೋಹದ ತುಂಡು), ಅಂಗಡಿಯವ್ರು ಲಾಂಗ್ ಲೈಫ್ ಅಂತ ಹೇಳಿ ಕೊಟ್ಟಿದ್ರು. ಬಾಳಿಕೆ ಏನೋ ನಿಜ, ಆದ್ರೆ ಕಲ್ಲಿನ ಥರ ಗಟ್ಟಿ. ಬೆಳಗ್ಗೆ ತಣ್ಣಗಿದ್ದಾಗ ಬ್ರೇಕ್ ಕಚ್ಚೋದೇ ಇಲ್ಲ, ಸಿಗ್ನಲ್ ಹತ್ರ ಪೆಡಲ್ ಮೇಲೆ ನಿಂತ್ಕೊಂಡಂಗೆ ತುಳೀಬೇಕು, ಅದ್ರ ಮೇಲೆ ಡ್ರಮ್ ಒಳಗೆ ಗೆರೆ ಬಿದ್ದಿತ್ತು. ಲೈನರ್ ಸವೆದ್ರೆ ಇನ್ನೊಂದು ಹಾಕ್ಬೋದು ಸ್ವಾಮಿ, ಒಳ್ಳೇ ಡ್ರಮ್ ಎಲ್ಲಿ ತರೋದು? ಪದ್ಮಿನಿ ತಯಾರಾಗೋದು ನಿಂತು ಇಪ್ಪತ್ತು ವರ್ಷದ ಮೇಲಾಯ್ತು. ಹಂಗಾಗಿ ನನ್ನ ಲೆಕ್ಕ ಇಷ್ಟೇ, ಸವೆಯೋದು ಲೈನರ್ ಆಗಿರ್ಬೇಕು, ಡ್ರಮ್ ಅಲ್ಲ.

ಈ ಸಲ ಬೆಂಗಳೂರಿನ ಜೆ.ಸಿ. ರೋಡ್ ಹಿಂದಿನ ಗಲ್ಲೀಲಿರೋ ಒಂದು ಚಿಕ್ಕ ಅಂಗಡೀಲಿ ಹಳೇ ಶೂಗೇ ರೋಲ್ ಲೈನಿಂಗ್ ಹೊಡ್ಸಿದೆ. ಅದು ನೂಲಿನ ಥರ ನೇಯ್ದು ರೆಸಿನ್ ಕುಡಿಸಿರೋ ಪಟ್ಟಿ, ಒಳಗೆ ಹಿತ್ತಾಳೆ ತಂತಿ ಎಳೆ ಕಾಣ್ಸತ್ತೆ. 1897ರಲ್ಲಿ ಇಂಗ್ಲೆಂಡಿನ ಡರ್ಬಿಶೈರಲ್ಲಿ ಹರ್ಬರ್ಟ್ ಫ್ರೂಡ್ ಫೆರೋಡೋ ಅನ್ನೋ ಬ್ರೇಕ್ ಲೈನಿಂಗ್ ಕಂಪನಿ ಶುರು ಮಾಡ್ದಾಗ ಹೊರಟಿದ್ದೂ ಹಿಂಗೆ ಹತ್ತಿ ನೇಯ್ದ ಲೈನಿಂಗೇ, ಸೋ ಹಳೇ ಗಾಡಿಗೆ ಇದು ಹೊಸ ಪ್ರಯೋಗ ಏನಲ್ಲ. ಮೆತ್ತಗಿರತ್ತೆ, ಶೂ ಬಾಗಿಗೆ ಸರಿಯಾಗಿ ಕೂರತ್ತೆ, ತಣ್ಣಗಿದ್ದಾಗ್ಲೇ ಹಿಡಿಯತ್ತೆ. ಊರೊಳಗೆ ಓಡ್ಸೋಕೆ ಈಗ ಗಾಡಿ ಬೇರೇನೇ ಆಗಿದೆ, ಕಾಲಿಗೆ ಅಷ್ಟು ಹಗುರ.

ಆದ್ರೆ ಬಿಸಿ ತಡ್ಯೋದ್ರಲ್ಲಿ ಮೋಲ್ಡೆಡ್ಡೇ ಮೇಲು, ಇದನ್ನ ಮುಚ್ಚಿಡಲ್ಲ. ಆಗುಂಬೆಯ 14 ತಿರುವು ಇಳಿಯೋವಾಗ ಬ್ರೇಕ್ ತುಳ್ಕೊಂಡೇ ಬಂದ್ರೆ ಕೆಳಗೆ ಬರೋಷ್ಟರಲ್ಲಿ ಹಿಡಿತ ಕಮ್ಮಿಯಾಗತ್ತೆ, ಸೆಕೆಂಡ್ ಗೇರಲ್ಲಿ ಇಂಜಿನ್ ಮೇಲೆ ಬಿಟ್ಟು ಇಳೀಬೇಕು. ವಾರ ವಾರ ಘಾಟಿ ಹತ್ತಿ ಇಳಿಯೋರು ಮೋಲ್ಡೆಡ್ಡಲ್ಲೇ ಮೆತ್ತಗಿರೋದು ಕೇಳಿ ಹಾಕ್ಸಿ. ಲೈನರ್ ಅಂಚಲ್ಲಿ ಎರಡು ಇಂಗ್ಲಿಷ್ ಅಕ್ಷರ ಇದ್ರೆ ನೋಡಿ, ಮೊದಲನೇದು ಮಾಮೂಲಿ ಬಿಸೀಲಿ ಹಿಡಿತ, ಎರಡನೇದು ಜಾಸ್ತಿ ಬಿಸೀಲಿ. ಇ ಅಂದ್ರೆ ಹಿಡಿತದ ಅಂಕಿ (ಘರ್ಷಣೆ ಗುಣಾಂಕ) 0.25 ರಿಂದ 0.35, ಎಫ್ ಅಂದ್ರೆ 0.35 ರಿಂದ 0.45. ಬೂಸ್ಟರ್ ಇಲ್ದಿರೋ ಗಾಡಿಗೆ ಎರಡೂ ಎಫ್ ಇದ್ರೆ ನೆಮ್ಮದಿ. ಜಿ ಇನ್ನೂ ಜೋರು ಅಂತ ಆಸೆ ಪಡ್ಬೇಡಿ, ಡ್ರಮ್ಮಲ್ಲಿರೋ ಜೋಡಿ ಶೂಗಳಲ್ಲಿ ಮುಂದಿನದು (ಲೀಡಿಂಗ್ ಶೂ) ತನ್ನಷ್ಟಕ್ಕೆ ತಾನೇ ಒಳಗೆ ಎಳ್ಕೊಳತ್ತೆ, ಅದಕ್ಕೆ ಇನ್ನೂ ಹಿಡಿತ ಸೇರಿದ್ರೆ ಚಕ್ರ ಗಪ್ಪಂತ ಲಾಕ್ ಆಗತ್ತೆ.

ಅಂಗಡಿ ಬಗ್ಗೆ ನನ್ಗೆ ಇಷ್ಟ ಆಗಿದ್ದು, ಡ್ರಮ್ ನೋಡ್ದೇ ಲೈನರ್ ಹೊಡಿಯಲ್ಲ ಅಂದ್ರು. ಅಳೆದು, ಲೇತಲ್ಲಿ ಗೆರೆ ಹೋಗೋಷ್ಟೇ ತೆಗ್ದು, ಆಮೇಲೆ ಆ ಡ್ರಮ್ ಅಳತೆಗೇ ಲೈನರ್ ಗ್ರೈಂಡ್ ಮಾಡಿದ್ರು. ಇದು ಬಹಳ ಮುಖ್ಯ, ಯಾಕಂದ್ರೆ ಟರ್ನಿಂಗ್ ಮಾಡಿದ ಡ್ರಮ್ ದೊಡ್ಡದಾಗಿರತ್ತೆ, ಮಾಮೂಲಿ ಲೈನರ್ ನಡುವೆ ಮಾತ್ರ ತಾಗತ್ತೆ, ನಾವು ಬ್ರೇಕ್ ಸರಿ ಇಲ್ಲ ಅಂತ ಸುಮ್ನೆ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳೋ ಭಾಗ) ಬಿಚ್ಚಿಸ್ತಿರ್ತೀವಿ. ಲೈನರನ್ನ ಶೂಗೆ ಹಿಡಿದಿಡೋ ರಿವಿಟ್ ತಲೆ ಒಳಗೆ ಎಷ್ಟು ಇಳಿದಿದೆ ಅಂತಾನೂ ತೋರ್ಸಿದ್ರು, ಅದು ಮೇಲೆ ಬಂದ ದಿನ ಡ್ರಮ್ ಹಾಳು. ಹಳೇ ಧೂಳಿಗೆ ಗಾಳಿ ಹೊಡೀಲಿಲ್ಲ, ಒದ್ದೆ ಬಟ್ಟೇಲಿ ಒರೆಸಿದ್ರು. ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರತ್ತೆ, ಅದರ ಧೂಳು ಕ್ಯಾನ್ಸರ್ ತರತ್ತೆ, ಹಂಗಾಗಿ ಹಳೇ ಸ್ಟಾಕ್ ಒರಿಜಿನಲ್ ಪೀಸ್ ಅಂತ ಯಾರಾದ್ರೂ ಜಾಸ್ತಿ ದುಡ್ಡಿಗೆ ಕೊಟ್ರೂ ದಯವಿಟ್ಟು ತಗೋಬೇಡಿ, ಆಸ್ಬೆಸ್ಟಾಸ್ ಇಲ್ಲದ್ದೇ ಬೇಕು ಅಂತ ಬಾಯಿಬಿಟ್ಟು ಕೇಳಿ.

ಮೈನಸ್ ಅಂದ್ರೆ ಕೆಲ್ಸ ನಿಧಾನ, ಬೆಳಗ್ಗೆ ಕೊಟ್ಟು ಸಂಜೆ ತಗೋತೀನಿ ಅಂದ್ರೆ ಆಗಲ್ಲ. ಬಿಲ್ ಕೇಳಿದ್ರೆ ಚೀಟೀಲಿ ಬರೆದು ಕೊಡ್ತಾರೆ. ಹೋಗೋರು ಡ್ರಮ್ಮೂ ಶೂನೂ ಎರಡೂ ತಗೊಂಡ್ ಹೋಗಿ, ನಿಮ್ಮ ಶೂ ತಗೊಂಡು ಬೇರೆಯವ್ರದ್ದು ಕೊಡೋ ಎಕ್ಸ್‌ಚೇಂಜ್ ಶೂಗೆ ಒಪ್ಕೋಬೇಡಿ, ಎಡಕ್ಕೂ ಬಲಕ್ಕೂ ಒಂದೇ ರೋಲಿಂದ ಕತ್ತರಿಸೋಕೆ ಹೇಳಿ, ಇಲ್ಲಾಂದ್ರೆ ಗಾಡಿ ಒಂದ್ ಕಡೆ ಎಳೆಯತ್ತೆ. ವೀಲ್ ಸಿಲಿಂಡರ್ (ಚಕ್ರದಲ್ಲಿ ಶೂ ತಳ್ಳೋ ಭಾಗ) ಒಂಚೂರು ಒದ್ದೆ ಇದ್ರೂ ಮೊದ್ಲು ಅದನ್ನ ಸರಿ ಮಾಡ್ಸಿ, ಆಯಿಲ್ ಕುಡಿದ ರೋಲ್ ಲೈನಿಂಗನ್ನ ಎಷ್ಟು ಉಜ್ಜಿದ್ರೂ ಉಪಯೋಗ ಇಲ್ಲ, ಕಿತ್ತು ಹೊಸದೇ ಹೊಡಿಸ್ಬೇಕು.