ಬೀನ್ಸ್ ಊರಲು ಜೂನ್, ಅಕ್ಟೋಬರ್, ಜನವರಿ: ಯಾವುದು ವಾಸಿ?

ಬೆಂಗಳೂರು, ಮೈಸೂರು ಕಡೆಯ ಹಿತ್ತಲಲ್ಲಿ ಬೀನ್ಸನ್ನು ವರ್ಷಕ್ಕೆ ಮೂರು ಸಲ ಹಾಕಬಹುದು. ಒಂದೇ ಮಡಿಯಲ್ಲಿ ಮೂರು ಹಂಗಾಮಿಗೂ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಎಂಬ ಗಿಡ ಬೀನ್ಸ್ ತಳಿ ಹಾಕಿ ನೋಡಿದರೆ ಫಲ ಮಾತ್ರ ಒಂದೇ ಥರ ಬರುವುದಿಲ್ಲ. ಒಂದೇ ಸಲ ಹಾಕುವವರಿಗೆ ನಮ್ಮ ಸಲಹೆ ಅಕ್ಟೋಬರ್.

ಮಳೆಯ ಜೋರು ಇಳಿದ ಮೇಲೆ, ಅಕ್ಟೋಬರ್ ನಡುವಿಗೆ ಊರಿದರೆ ನವೆಂಬರ್ ಕೊನೆಯಲ್ಲಿ ಹೂ ಬಿಡುತ್ತದೆ. ಹಗಲಿನ ಬಿಸಿಲು ಹದ, ರಾತ್ರಿ ತಂಪು. ಬಿಟ್ಟ ಹೂ ಬಹುಪಾಲು ಕಾಯಿ ಕಟ್ಟುತ್ತದೆ. ಡಿಸೆಂಬರ್‌ಗೆ ತಳ್ಳಿದರೆ ಚಳಿಗೆ ಗಿಡ ಕುಗ್ಗುತ್ತದೆ, ಎಲೆ ಮೇಲೆ ಬೂದಿ ರೋಗವೂ ಬರಬಹುದು.

ಮೃಗಶಿರ ಮಳೆಗೆ ಊರಿದ ಬೀಜ ವಾರದೊಳಗೆ ಮೇಲೇಳುತ್ತದೆ. ತೊಂದರೆ ಆಮೇಲಿನದು. ಜಡಿಮಳೆಗೆ ಎಲೆ ಆರುವುದೇ ಇಲ್ಲ, ತುಕ್ಕು ರೋಗ ಹತ್ತುತ್ತದೆ, ನೆಲಕ್ಕೆ ತಾಗಿದ ಕಾಯಿ ಕೊಳೆಯುತ್ತದೆ. ಜೂನ್‌ನಲ್ಲೇ ಬೇಕೆಂದರೆ ಮಡಿಯನ್ನು ಅರ್ಧ ಅಡಿ ಎತ್ತರಿಸಿ, ಹಬ್ಬುವ ತಳಿ ಹಾಕಿ ಆರಡಿ ಕೋಲು ಕೊಡಿ. ಗಾಳಿಯಾಡಿ ಎಲೆ ಬೇಗ ಒಣಗುತ್ತದೆ.

ಜನವರಿ ಕೊನೆ ಎರಡನೇ ಆಯ್ಕೆ, ನೀರಿನ ಅನುಕೂಲ ಇದ್ದರೆ ಮಾತ್ರ. ಫೆಬ್ರವರಿ ಕೊನೆಗೆ ಹೋದರೆ ಹೂವು ಏಪ್ರಿಲ್ ಬಿಸಿಲಿಗೆ ಸಿಕ್ಕಿ ಮೊಗ್ಗಲ್ಲೇ ಉದುರುತ್ತದೆ. ಎಲೆ ಮಂಕಾಗಿ ಸಣ್ಣ ಬಿಳಿ ಚುಕ್ಕೆ ಕಂಡರೆ ಎಲೆಯನ್ನು ಬಿಳಿ ಹಾಳೆಯ ಮೇಲೆ ತಟ್ಟಿ. ಸಾಸಿವೆಗಿಂತ ಸಣ್ಣ ಚುಕ್ಕೆಗಳು ಓಡಾಡಿದರೆ ಅದು ನುಸಿ. ಬೆಳಗ್ಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ, ಬುಡಕ್ಕೆ ಒಣ ಎಲೆ ಮುಚ್ಚಿ.

ಬೀಜವನ್ನು ರಾತ್ರಿಯಿಡೀ ನೆನೆಹಾಕುವ ಅಭ್ಯಾಸ ಯಾವ ಹಂಗಾಮಿಗೂ ಬೇಡ. ಸಿಪ್ಪೆ ಸುಕ್ಕಾಗಿ, ಬೇಳೆ ಬಿರಿದು, ಆ ಬಿರುಕಿಂದಲೇ ಕೊಳೆಯುತ್ತದೆ. ಹಿಂದಿನ ದಿನ ಮಡಿಗೆ ಚೆನ್ನಾಗಿ ನೀರುಣಿಸಿ, ಒಣ ಬೀಜವನ್ನು ಒಂದಂಗುಲ ಆಳಕ್ಕೆ ಊರಿ. ಗಿಡಕ್ಕೆ ಗಿಡ ಅರ್ಧ ಅಡಿ, ಸಾಲಿಗೆ ಸಾಲು ಒಂದೂವರೆ ಅಡಿ ಇರಲಿ. ಮೊಳಕೆ ಕಾಣುವವರೆಗೆ ಮೇಲಿಂದ ನೀರು ಸುರಿಯಬೇಡಿ. ಮಣ್ಣು ಹೆಪ್ಪುಗಟ್ಟಿದರೆ ಬೇಳೆ ಹೊತ್ತು ಮೇಲೇಳುವ ಮೊಳಕೆಯ ಕತ್ತು ಮುರಿಯುತ್ತದೆ.

ಅವರೆಗೆ ಈ ಲೆಕ್ಕ ಹಿಡಿಯುವುದಿಲ್ಲ. ನಾಟಿ ಅವರೆ ಹೂ ಬಿಡಲು ಹಗಲು ಕಿರಿದಾಗಬೇಕು. ಜನವರಿ ಕೊನೆಗೆ ಹಾಕಿದರೆ ಬೇಸಿಗೆಯಿಡೀ ಬರೀ ಬಳ್ಳಿ. ಜುಲೈ, ಆಗಸ್ಟ್‌ನಲ್ಲಿ ಹಾಕಿದ್ದು ಚಳಿಗಾಲಕ್ಕೆ ಸೊಗಡಿನ ಕಾಯಿ ಕೊಡುತ್ತದೆ. ಬೇರೆ ತಿಂಗಳಲ್ಲೂ ಬೇಕಿದ್ದರೆ ಹೆಬ್ಬಾಳ ಅವರೆಯಂಥ ಗಿಡ್ಡ ತಳಿ ತನ್ನಿ.