ಹಾಲ್‌ಗೆ ಯಾವ ಸೋಫಾ: ತೇಗದ್ದೋ, ಬಟ್ಟೆಯ ಎಲ್ ಶೇಪೋ?

ಮೂಡಿಗೆರೆ ಕಡೆ ಮನೆಯಾದರೆ ಕಣ್ಣು ಮುಚ್ಚಿ ತೇಗದ್ದೇ ತಗೊಳ್ಳಿ. ಬಟ್ಟೆ ಹೊದಿಸಿದ ಎಲ್ ಶೇಪ್ ಸೋಫಾ ಶೋರೂಮ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಕೂತರೆ ಏಳೋಕೆ ಮನಸ್ಸಾಗಲ್ಲ, ನಿಜ. ಆದರೆ ಮಳೆಗಾಲ ಪೂರ್ತಿ ಬಿಸಿಲು ಕಾಣದ ಹಾಲ್‌ನಲ್ಲಿ ಅದರ ಬೆನ್ನು ಗೋಡೆಗೆ ತಾಗಿದ ಕಡೆಯೆಲ್ಲ ಬೂಷ್ಟು ಹಿಡಿಯುತ್ತದೆ, ಫೋಮ್ ಒಳಗೆ ತೇವ ಸೇರಿದರೆ ವಾಸನೆ ಬೇಗ ಹೋಗುವುದಿಲ್ಲ.

ತೇಗದ್ದರಲ್ಲಿ ಕುಶನ್ ಬೇರೆ, ಚೌಕಟ್ಟು ಬೇರೆ. ಕವರ್ ಬಿಚ್ಚಿ ಒಗೆಯಬಹುದು, ಬೇಜಾರಾದಾಗ ಬಣ್ಣ ಬದಲಿಸಬಹುದು. ದುಡ್ಡು ಜಾಸ್ತಿ ಅಷ್ಟೆ. ಹೂಬಳ್ಳಿ ಕೆತ್ತನೆ ಮಾತ್ರ ಬೇಡ, ನೇರ ಗೆರೆಯದ್ದು ಸಾಕು (ದೂಳು ಒರೆಸುವವರಿಗೆ ಗೊತ್ತು ಆ ಕಷ್ಟ).

ಕಡೂರಿನ ಕಡೆಯಾದರೆ ಮಾತು ಬೇರೆ. ಅಲ್ಲಿ ಒಣ ಹವೆ, ಬಟ್ಟೆಯದ್ದೂ ನಡೆಯುತ್ತದೆ. ಒಳಗಿನ ಚೌಕಟ್ಟು ಪಾರ್ಟಿಕಲ್ ಬೋರ್ಡೋ (ಮರದ ಚೂರು, ಪುಡಿ ಅಂಟಿಸಿ ಒತ್ತಿದ ಹಲಗೆ), ಗಟ್ಟಿ ಮರವೋ ಅಂತ ಕೇಳಿಯೇ ಅಡ್ವಾನ್ಸ್ ಕೊಡಿ.