ಪುಣೆ ಮಳೆಗೆ ಎಲೆಕ್ಟ್ರಿಕ್ ಕಾರಿನ ಟೈರ್: ಫೋಮ್ ಇರೋದಾ, ಸಾದಾನಾ?

ನನ್ನ ಓಟು ಸಾದಾ ಟೈರಿಗೆ. ಕಳೆದ ವರ್ಷ ಒಳಗೆ ಫೋಮ್ ಅಂಟಿಸಿರುವ ‘ಇವಿ ಸ್ಪೆಷಲ್’ ಹಾಕಿಸಿದ್ದೆ. ಈ ಜೂನ್‌ನಲ್ಲಿ ಅವನ್ನು ತೆಗೆಸಿ, ಅದೇ 215/60 ಆರ್16 ಅಳತೆಯ ಸಾದಾ ಟೂರಿಂಗ್ (ದಿನದ, ದೂರದ ಓಡಾಟದ) ಟೈರ್ ಹಾಕಿಸಿದೆ.

ಫೋಮ್ ಟೈರ್ ಕೆಟ್ಟದ್ದೇನಲ್ಲ. ಇಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಟೈರಿನ ಸದ್ದೇ ಜಾಸ್ತಿ ಕೇಳೋದು, ಅಲ್ವಾ? ಅದನ್ನು ಚೆನ್ನಾಗಿ ತಗ್ಗಿಸುತ್ತಿತ್ತು. ಒಂದು ಚಾರ್ಜಿಗೆ ಹತ್ತು ಕಿಲೋಮೀಟರ್ ಹೆಚ್ಚೇ ಓಡುತ್ತಿತ್ತು.

ಆದರೆ ಪಂಕ್ಚರ್ ಆದರೆ? ಕಳೆದ ವರ್ಷ ಜುಲೈಯಲ್ಲಿ, ಫೋಮ್ ಟೈರ್ ಇದ್ದಾಗ, ಅಮ್ಮನನ್ನು ಕರೆದುಕೊಂಡು ಬೆಳಗಾವಿಗೆ ಹೊರಟಿದ್ದೆ. ಖಂಬಾಟ್ಕಿ ಘಾಟ್ ದಾಟಿದ ಮೇಲೆ ಹಿಂದಿನ ಟೈರಿನ ಗಾಳಿ ಇಳಿಯಿತು. ನಮ್ಮ ಗಾಡಿಗೆ ಸ್ಟೆಪ್ನಿ ಇರಲಿಲ್ಲ, ಬರೀ ಪಂಕ್ಚರ್ ಕಿಟ್. ಸಾತಾರಾದಲ್ಲಿ ಹೊರಗಿನಿಂದ ತೂತಿಗೆ ರಬ್ಬರ್ ಸ್ಟ್ರಿಪ್ ಹಾಕಿಸಿದೆ. ಕರಾಡ್ ಮುಟ್ಟುವಷ್ಟರಲ್ಲಿ ಮತ್ತೆ ಇಳಿದಿತ್ತು.

ಅಲ್ಲಿನ ಅಂಗಡಿಯವರು ಟೈರ್ ಬಿಚ್ಚಿ, ಒಳಗಿನ ಸ್ಪಂಜ್ ನೋಡಿ ಸುಮ್ಮನೆ ನಿಂತುಬಿಟ್ಟರು. “ದಾದಾ, ಇದರ ಮೇಲೆ ಪ್ಯಾಚ್ ಕೂರಲ್ಲ” ಅಂದರು. ಅವರು ಹೇಳಿದ್ದು ಸರಿ. ತೂತಿನ ಜಾಗದ ಫೋಮ್ ಕತ್ತರಿಸಬೇಕು, ಅಂಟನ್ನೆಲ್ಲ ಉಜ್ಜಿ ತೆಗೆಯಬೇಕು. ಆಮೇಲೇ ಮಶ್ರೂಮ್ ಪ್ಯಾಚ್ (ಒಳಗಿನಿಂದ ತೂತಿಗೆ ತೂರಿಸಿ ಅಂಟಿಸುವ ಅಣಬೆ ಆಕಾರದ ಪ್ಯಾಚ್) ಹಿಡಿಯೋದು. ಬೇಡಿಕೊಂಡ ಮೇಲೆ ಮಾಡಿಕೊಟ್ಟರು. ಸುರಿಯೋ ಮಳೆಯಲ್ಲಿ ಎರಡು ಗಂಟೆ ಹೋಯಿತು. ಅಮ್ಮನಿಗೆ ಸಕ್ಕರೆ ಕಾಯಿಲೆ. ಅಂಗಡಿಯ ಸ್ಟೂಲ್ ಮೇಲೆ ಕೂತೇ ಬುತ್ತಿ ಬಿಚ್ಚಿ ಊಟ ಮಾಡಿದರು. ನೋಡೋಕೆ ಆಗಲಿಲ್ಲ ನನಗೆ. ಅಷ್ಟಕ್ಕೇ ಮುಗಿಯಲಿಲ್ಲ. ಫೋಮ್ ತುಂಡು ಹೋಗಿ ಬ್ಯಾಲೆನ್ಸ್ ತಪ್ಪಿತ್ತು. ವೇಗ 80 ದಾಟಿದರೆ ಸೀಟು ನಡುಗುತ್ತಿತ್ತು.

ಸಾದಾ ಟೈರ್ ಯಾವ ಊರಲ್ಲಾದರೂ ಹದಿನೈದು ನಿಮಿಷದ ಕೆಲಸ. ಒಂದೊಂದಕ್ಕೆ ಮೂರು ಸಾವಿರ ಉಳಿಯಿತು. ಗೆರೆಗಳು ಆಳವಾಗಿವೆ, ಕಾತ್ರಜ್ ಕಡೆ ನೀರು ನಿಂತಾಗಲೂ ಬ್ರೇಕ್ ಹಿಡಿತ ಚೆನ್ನಾಗಿದೆ. ಒಂದು ಮಾತು: ಬ್ಯಾಟರಿಯಿಂದ ಗಾಡಿ ಭಾರ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರುತ್ತದೆ ಅನ್ನುವ ಸಂಖ್ಯೆ) ಕಡಿಮೆಯದನ್ನು ತೆಗೆದುಕೊಳ್ಳಬೇಡಿ. ನನ್ನದು 95, ಅಂದರೆ ಟೈರಿಗೆ 690 ಕಿಲೋ.

16ರ ಬದಲು 17 ಇಂಚಿನ ಅಲಾಯ್ ರಿಮ್ ಹಾಕಿಸಿ ಅಂತ ಹೊಸ ಟೈರ್ ಕೊಟ್ಟ ಅಂಗಡಿಯವರು ಹೇಳಿದರು. ಬೇಡ ಅಂದೆ. ರಿಮ್ ದೊಡ್ಡದಾದರೆ ಟೈರ್ ತೆಳುವಾಗುತ್ತದೆ, ನಮ್ಮ ಗುಂಡಿಗಳಿಗೆ ದಪ್ಪ ಟೈರೇ ಬೇಕು. ವಿಂಟರ್ ಟೈರ್ ಇಲ್ಲಿಗೆ ಬೇಡವೇ ಬೇಡ. ಅದರ ರಬ್ಬರ್ 7 ಡಿಗ್ರಿಗಿಂತ ಕೆಳಗಿನ ಚಳಿಗೆ ಮಾಡಿದ್ದು, ಪುಣೆಯ ಬಿಸಿಲಿಗೆ ಬೇಗ ಸವೆಯುತ್ತದೆ.

ಊರು ಬಿಟ್ಟು ಹೋಗದವರು, ಸದ್ದು ಅಂದರೆ ಆಗದವರು ಫೋಮ್ ಟೈರ್ ತೆಗೆದುಕೊಳ್ಳಲಿ. ನಾನು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗುವವನು. ಉಳಿದ ದುಡ್ಡಿನಲ್ಲಿ ಒಂದು ಸ್ಟೀಲ್ ರಿಮ್ಮಿಗೆ ಐದನೇ ಟೈರ್ ಹಾಕಿಸಿ ಡಿಕ್ಕಿಯಲ್ಲಿಟ್ಟಿದ್ದೇನೆ. ಅಮ್ಮನ ಚೀಲಗಳು ಈಗ ಹಿಂದಿನ ಸೀಟಿಗೆ ಬಂದಿವೆ.